ಕೂಡಾವಳಿ ಗಾಡಿಯ ಗಂಗಣ್ಣ

ಕೆಟ್ಟು ನಿಂತ ಗಾಡಿಯನ್ನು ನೋಡಲು ಬಂದ ಮೆಕ್ಯಾನಿಕ್ ಮೊದಲು ಬಾನೆಟ್ ಎತ್ತುತ್ತಾನೆ. ಅಜ್ಜಂಪುರದ ಗಂಗಣ್ಣ ಹಾಗಲ್ಲ. ಹಿಂದಕ್ಕೆ ಹೋಗಿ, ಟ್ಯಾಂಕಿನ ಮುಚ್ಚಳ ತಿರುಗಿಸಿ, ಸಾರು ಹಳಸಿದೆಯೋ ಏನೋ ಎಂದು ನೋಡುವವರ ಹಾಗೆ ಕಣ್ಣು ಮುಚ್ಚಿಕೊಂಡು ಮೂಸುತ್ತಿದ್ದ. ಆಮೇಲೆ ತನ್ನ ಶೆಡ್ಡಿನಿಂದ ದೂರ ಹೋಗಿ ಹುಣಸೆ ಮರದ ಬುಡದಲ್ಲಿ ಕೂತು ಒಂದು ಬೀಡಿ. ಅವನ ಬೀಡಿ ಮುಗಿಯುವವರೆಗೆ ನಾನು ಬಿಸಿಲಲ್ಲಿ ನಿಂತು ಹಲ್ಲು ಕಡಿಯಬೇಕಿತ್ತು.

"ಆಯ್ತೇನಪ್ಪಾ ನಿನ್ನ ಪೂಜೆ?" ಎಂದು ಕೇಳಿದರೆ, "ಅರ್ಜೆಂಟ್ ಮಾಡ್ಬೇಡಿ ಟೀಚರಮ್ಮ. ಕೂಡಾವಳಿ ಗಾಡಿ ಇದು. ಯೋಚ್ನೆ ಮಾಡಿ ಕೈ ಹಾಕ್ಬೇಕು" ಎನ್ನುತ್ತಿದ್ದ.

ಗಂಡ ಸತ್ತವಳನ್ನೋ ಬಿಟ್ಟವಳನ್ನೋ ಇನ್ನೊಬ್ಬ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುವುದಕ್ಕೆ ನಮ್ಮ ಕಡೆ ಕೂಡಾವಳಿ ಎನ್ನುತ್ತಾರೆ. ಒಂದು ಗಾಡಿಯ ಇಂಜಿನ್ ತಂದು ಇನ್ನೊಂದರ ಮೈಗೆ ಕೂರಿಸುವುದಕ್ಕೂ ಗಂಗಣ್ಣ ಅದೇ ಮಾತನ್ನು ಬಳಸುತ್ತಿದ್ದ. ನಮ್ಮ ಜೀಪು ಅಪ್ಪನದು. ಅದರ ಹಳೆ ಡೀಸೆಲ್ ಇಂಜಿನ್ ಕೈಕೊಟ್ಟಾಗ ಅಪ್ಪ, ಯಾರು ಬೇಡವೆಂದರೂ ಕೇಳದೆ, ಎಲ್ಲೋ ಗುದ್ದಿ ನಜ್ಜುಗುಜ್ಜಾದ ಕಾರೊಂದರ ಪೆಟ್ರೋಲ್ ಇಂಜಿನ್ ತಂದು ಅದಕ್ಕೆ ಹಾಕಿಸಿದರು. ಅಪ್ಪ ಹೋದರು, ಜೀಪು ನನ್ನ ಪಾಲಿಗೆ ಬಂತು. ಗಂಡ ತೀರಿಕೊಂಡ ಮೇಲೆ ಅಕ್ಕನೂ ನನ್ನ ಮನೆಗೇ ಬಂದಳು.

ಅಕ್ಕನ ಎರಡೂ ಕಿಡ್ನಿ ಹೋಗಿವೆ. ಡಯಾಲಿಸಿಸ್ಸಿಗೆ ಸರದಿ ಸಿಕ್ಕಿದ್ದು ಕಡೂರಿನಲ್ಲಿ. ವಾರದಲ್ಲಿ ಎರಡು ಸಲ ಅಜ್ಜಂಪುರದಿಂದ ಬೀರೂರು ಹಾಯ್ದು ಅಲ್ಲಿಗೆ ಹೋಗಬೇಕು, ಅವಳು ಮಷೀನಿಗೆ ಅಂಟಿಕೊಂಡಿರುವಷ್ಟು ಹೊತ್ತು ಹೊರಗೆ ಬೆಂಚಿನ ಮೇಲೆ ಕೂತು ಮಕ್ಕಳ ಗಣಿತದ ಪೇಪರ್ ತಿದ್ದಬೇಕು, ಮತ್ತೆ ಕರೆದುಕೊಂಡು ಬರಬೇಕು. ಬಸ್ಸಿನಲ್ಲಿ ಒಂದು ಸಲ ಕರೆತರುವಾಗ ಅವಳು ನಿಂತಲ್ಲೇ ಕುಸಿದಳು. ಅಂದಿನಿಂದ ಜೀಪೇ ಗತಿ. ಹಿಂದಿನ ಸೀಟಿಗೆ ಹಾಸಿಗೆ ಹಾಸಿದರೆ ಕಾಲು ಚಾಚಿ ಮಲಗಬಹುದು.

ಆ ಜೀಪು ದಾರಿಯಲ್ಲಿ ನಿಲ್ಲತೊಡಗಿತು. ಹೊರಡುವಾಗ ಚೆನ್ನಾಗಿಯೇ ಇರುತ್ತದೆ. ಇಂಜಿನ್ ಕಾದು, ರಸ್ತೆ ಸ್ವಲ್ಪ ಏರಾದರೆ ಸಾಕು, ದಮ್ಮು ಕಳೆದುಕೊಂಡು ಕೆಮ್ಮಿ ನಿಲ್ಲುತ್ತದೆ. ಆರುವವರೆಗೆ ಕಾದರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ನಿಂತಾಗಲೆಲ್ಲ ಹಿಂದಿನಿಂದ ಅಕ್ಕನ ದನಿ: "ಬಿಡೇ, ಸಾಕು. ಅದಕ್ಕೂ ಸಾಕಾಗೈತೆ, ನಂಗೂ ಸಾಕಾಗೈತೆ. ಮನೆಗೆ ನಡಿ." ಮೊದಮೊದಲು ಅದು ತಮಾಷೆ. ಬರಬರುತ್ತಾ ತಮಾಷೆಯಾಗಿ ಉಳಿಯಲಿಲ್ಲ. ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಇವಳು ಮತ್ತೆ ಈ ಗಾಡಿ ಹತ್ತುವುದಿಲ್ಲ, ಕಡೂರಿಗೂ ಬರುವುದಿಲ್ಲ ಎಂದು ನನಗೆ ಗೊತ್ತಾಗಿ ಹೋಗಿತ್ತು. ಬರದಿದ್ದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ತರೀಕೆರೆಯವನೊಬ್ಬ, ಕಡೂರಿನವನೊಬ್ಬ ನೋಡಿದರು. ಇಬ್ಬರದೂ ಒಂದೇ ಮಾತು: ಈ ಇಂಜಿನ್ ಕಿತ್ತು ಬಿಸಾಕಿ. ಗಂಗಣ್ಣನಿಗೆ ಇದನ್ನು ಹೇಳಿದಾಗ ಅವನ ಮುಖ ಕೆಂಪಾಯಿತು.

"ಬಂದೋಳ ಮೇಲೆ ತಪ್ಪು ಹೊರ್ಸೋದು ಭಾಳ ಸುಲ್ಬ ಕಣವ್ವ. ಮೊದ್ಲು ಮನೆ ನೋಡ್ಬೇಕು, ಮನೆ."

ಬಂದವಳು ಎಂದರೆ ಅವನ ಲೆಕ್ಕದಲ್ಲಿ ಇಂಜಿನ್, ಮನೆ ಎಂದರೆ ಜೀಪಿನ ಹಳೆ ಮೈ. ಟ್ಯಾಂಕ್ ಇಳಿಸಿ ತುಕ್ಕು ತೊಳೆದ. ಫಿಲ್ಟರ್ ಬದಲಾಯಿಸಿದ. ಪೆಟ್ರೋಲನ್ನು ಮುಂದಕ್ಕೆ ತಳ್ಳುವ ಪಂಪನ್ನೇ ಹೊಸದು ಹಾಕಿದ. ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಬಾಯಿಂದ ಊದಿ ನೋಡಿದ. ಪೆಟ್ರೋಲಿನ ಒತ್ತಡ ತೋರಿಸುವ ಗೇಜೊಂದನ್ನು ತಂದು ಮುಂದಿನ ಗಾಜಿನ ಒಳಮಗ್ಗುಲಿಗೆ ತಂತಿಯಲ್ಲಿ ಕಟ್ಟಿದ. "ಈ ಮುಳ್ಳು ನಿಂತ್ರೆ ಗಾಡಿ ಓಡ್ತದೆ, ಮುಳ್ಳು ಬಿದ್ರೆ ಗಾಡಿ ನಿಲ್ತದೆ. ಅಷ್ಟೇಯ ಟೀಚರಮ್ಮ" ಎಂದ. ಮುಳ್ಳು ಬೀಳುತ್ತಲೇ ಇತ್ತು. ನಾನು ರೇಗುತ್ತಲೇ ಇದ್ದೆ. ಅವನು ಹಿಂದೆ ಹೋಗಿ ಮೂಸುವುದನ್ನು ಮಾತ್ರ ಬಿಡಲಿಲ್ಲ. ಇಷ್ಟು ಹಟಮಾರಿ ಮನುಷ್ಯನನ್ನು, ನಮ್ಮಪ್ಪನನ್ನು ಬಿಟ್ಟರೆ, ನಾನು ಕಂಡಿಲ್ಲ.

ಕೊನೆಗೆ ಒಂದು ದಿನ ತಾನೇ ಜೊತೆಗೆ ಬರುತ್ತೇನೆಂದು ಮುಂದಿನ ಸೀಟಿನಲ್ಲಿ ಕೂತ. ಬೀರೂರು ದಾಟಿ ರಸ್ತೆ ಏರತೊಡಗಿತು, ಮುಳ್ಳು ನಿಧಾನವಾಗಿ ಇಳಿಯಿತು, ಜೀಪು ನಿಂತಿತು. ಗಂಗಣ್ಣ ಇಳಿದು ಹಿಂದಕ್ಕೆ ಹೋಗಿ ಟ್ಯಾಂಕಿಗೆ ಕಿವಿ ಕೊಟ್ಟ. ಪಂಪು ಗುಂಯ್ ಎನ್ನುತ್ತಲೇ ಇತ್ತು. ಅಕ್ಕ ಮಲಗಿದಲ್ಲಿಂದಲೇ ಕಷ್ಟಪಟ್ಟು ತಲೆ ಎತ್ತಿದಳು.

"ಗಂಗಣ್ಣ, ಯಾವಾಗ್ಲೂ ಹಿಂದೇನೇ ಹುಡುಕ್ತೀಯಲ್ಲೋ. ಒಂದ್ಸಲ ಮುಂದೆ ನೋಡಬಾರ್ದಾ?"

ಗಂಗಣ್ಣ ಒಲ್ಲದ ಮನಸ್ಸಿನಿಂದಲೇ ಮುಂದಕ್ಕೆ ಬಂದು ಬಾನೆಟ್ ಎತ್ತಿದ. ಇಂಜಿನ್ ಬಳಸಿ ಮಿಕ್ಕ ಪೆಟ್ರೋಲು ಟ್ಯಾಂಕಿಗೆ ವಾಪಸ್ಸು ಹೋಗಲು ಒಂದು ರಬ್ಬರ್ ಪೈಪ್ ಇರುತ್ತದೆ. ಅದನ್ನು ಇಕ್ಕಳದಿಂದ ಮೆಲ್ಲಗೆ ಹಿಸುಕಿ, "ಮುಳ್ಳು ನೋಡಿ ಟೀಚರಮ್ಮ" ಎಂದ. ಮುಳ್ಳು ಮೇಲೆದ್ದು ನಿಂತಿತು. ಬಿಟ್ಟ, ಬಿತ್ತು. ಹಿಸುಕಿದ, ಎದ್ದಿತು. ಟ್ಯಾಂಕು, ಪಂಪು, ಪೈಪು ಯಾವುದರಲ್ಲೂ ಐಬಿರಲಿಲ್ಲ. ಒತ್ತಡವನ್ನು ತಡೆದಿಡಬೇಕಾದ ಪುಟ್ಟ ಡಬ್ಬಿಯೊಂದು ಇಂಜಿನ್ನಿನ ಮೇಲೇ ಕೂತಿರುತ್ತದೆ, ರೆಗ್ಯುಲೇಟರ್ ಅಂತ. ಕಾದ ಕೂಡಲೇ ಅದು ಬಾಯಿ ಬಿಟ್ಟು ಪೆಟ್ರೋಲನ್ನೆಲ್ಲ ಆ ವಾಪಸ್ಸು ಪೈಪಿನಿಂದ ಟ್ಯಾಂಕಿಗೇ ಅಟ್ಟುತ್ತಿತ್ತು. ಇಂಜಿನ್ನಿನ ಜೊತೆಯಲ್ಲೇ ಬಂದ ಡಬ್ಬಿ ಅದು.

ಗಂಗಣ್ಣ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದ. ಬೀಡಿ ತೆಗೆದವನು ಹಚ್ಚಲಿಲ್ಲ.

"ತಪ್ಪು ಬಂದೋಳ್ದೇ ಕಣವ್ವ" ಎಂದ. ನನಗಲ್ಲ, ಅಕ್ಕನಿಗೆ. "ನಮ್ಮವ್ವನೂ ಕೂಡಾವಳಿ ಆಗಿ ಬುಕ್ಕಾಂಬುಧಿಗೆ ಬಂದೋಳು. ನಾನು ಅವಳ ಸೆರಗು ಹಿಡ್ಕಂಡು ಬಂದೋನು. ಹಾಲು ಒಡದ್ರೂ ನಮ್ಮಿಂದ, ಎಮ್ಮೆ ತಿಂಗ್ಳು ತುಂಬ್ದೆ ಕಂದು ಹಾಕಿದ್ರೂ ನಮ್ಮಿಂದ. ಅದಕ್ಕೇ ಬಂದೋಳ್ನ ಬೈಯಕ್ಕೆ ನಂಗೆ ಬಾಯೇ ಬರಾಕಿಲ್ಲ. ಇಲ್ಲಿ ನೋಡಾಕೂ ಮನಸ್ಸು ಬರ್ಲಿಲ್ಲ. ನಿಮ್ಮನ್ನ ಇಷ್ಟು ದಿನ ದಾರೀಲಿ ಕೆಡವಿದ್ದು ನಾನು."

ನನಗೆ ಬೈಯುವಷ್ಟು ಕೋಪವಿತ್ತು, ಬೈಯುವ ಶಕ್ತಿ ಇರಲಿಲ್ಲ. "ಈಗೇನು ಇಂಜಿನ್ ಕೀಳೋದಾ?" ಎಂದೆ.

"ಯಾಕೆ ಕೀಳಾದು?" ಗಂಗಣ್ಣ ಎದ್ದು ನಿಂತ. "ತಪ್ಪಿದ್ರೇನಾಯ್ತು, ಆಚೀಗೆ ಹಾಕ್ತಾರಾ? ಸರಿ ಮಾಡ್ಕಂಡು ಇಟ್ಕಳಾದು. ಸೋರೋ ಡಬ್ಬಿ ಒಂದು ಬದ್ಲಾಯಿಸಿದ್ರೆ ಮುಗೀತು."

ಆ ರಬ್ಬರ್ ಪೈಪನ್ನು ಅರೆಬರೆ ಹಿಸುಕಿ ತಂತಿ ಬಿಗಿದು, ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡೇ ನಮ್ಮನ್ನು ಕಡೂರು ಮುಟ್ಟಿಸಿದ. ಅಕ್ಕ ಆ ದಿನ ಸಾಕು ಎನ್ನಲಿಲ್ಲ. ಹಿಂದೆ ಮಲಗಿ ಸದ್ದಿಲ್ಲದೆ ಅಳುತ್ತಿದ್ದಳು. ಕನ್ನಡಿಯಲ್ಲಿ ನೋಡಿಯೂ ನೋಡದವಳ ಹಾಗೆ ನಾನು ಗಾಡಿ ಓಡಿಸಿದೆ. ತಂಗಿಯ ಮನೆಗೆ ಬಂದು ಸೇರಿಕೊಂಡವಳು ತಾನು ಎಂಬ ಮುಳ್ಳು ಅವಳೊಳಗೂ ಇತ್ತೆಂದು ನನಗೆ ತಿಳಿದದ್ದು ಅವತ್ತೇ.

ಹೊಸ ಡಬ್ಬಿ ಹಾಕಿದ ಮೇಲೆ ಜೀಪು ನಿಂತಿಲ್ಲ. ಗೇಜನ್ನು ಬಿಚ್ಚುತ್ತೇನೆಂದ ಗಂಗಣ್ಣನನ್ನು ಅಕ್ಕನೇ ತಡೆದಳು. ಕಳೆದ ಬೇಸಿಗೆಯಿಂದ ಅವನ ಕೆಮ್ಮು ಜೋರಾಯಿತು. ಶೆಡ್ಡಿನ ಬಾಗಿಲು ತೆರೆಯುವ ದಿನಗಳು ಕಡಿಮೆಯಾದವು. ಕೊನೆಯ ಸಲ ಕಂಡಾಗ ಹುಣಸೆ ಮರದಡಿ ಕಂಬಳಿ ಹೊದ್ದು ಕೂತಿದ್ದ. ನಾನು ಗಾಡಿ ನಿಲ್ಲಿಸಿದ್ದಕ್ಕೇ ಗದರಿಕೊಂಡ: "ಹೋಗ್ರೀ, ಹೊತ್ತಾಯ್ತದೆ ನಿಮ್ಮಕ್ಕಂಗೆ. ನನ್ನೇನು ನೋಡೀರಿ?"

ಅವನು ಹೋದ ಸುದ್ದಿ ಬಂದದ್ದು ಅಕ್ಕನ ಸರದಿಯ ದಿನ ಬೆಳಿಗ್ಗೆ. ಬುಕ್ಕಾಂಬುಧಿಯಲ್ಲಿ ಮಧ್ಯಾಹ್ನಕ್ಕೆ ಮಣ್ಣು ಎಂದರು. ಅವನ ಅವ್ವನ ಪಕ್ಕದಲ್ಲೇ ಜಾಗವಂತೆ. ಇವತ್ತೊಂದು ದಿನ ಕಡೂರು ಬೇಡ, ಅಲ್ಲಿಗೇ ಹೋಗಿಬರೋಣ ಎಂದೆ. ಸಾಕು ಎನ್ನುವುದಕ್ಕೆ ಅಕ್ಕನಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ. ಮನೆಗೆ ಬೀಗ ಹಾಕಿ ಬಂದರೆ ಅವಳು ಆಗಲೇ ಜೀಪು ಹತ್ತಿದ್ದಳು. ಹಿಂದೆ ಹಾಸಿಗೆಯಲ್ಲಲ್ಲ, ಮುಂದೆ, ಗಂಗಣ್ಣ ಕೂತಿದ್ದ ಸೀಟಿನಲ್ಲಿ.

"ಕಡೂರಿಗೆ ನಡಿ" ಎಂದಳು. "ಮಣ್ಣಿಗೆ ಬರ್ಲಿಲ್ಲ ಅಂತ ಅವ್ನು ಬೇಜಾರ್ ಮಾಡ್ಕಳಲ್ಲ. ಇದನ್ನ ತಪ್ಪಿಸಿದ್ರೆ ಬೈತಾನೆ."

ಬೀರೂರು ದಾಟಿ ರಸ್ತೆ ಏರತೊಡಗಿದಾಗ ಅಕ್ಕ ಮುಂದಕ್ಕೆ ಬಾಗಿ, ಸೆರಗಿನಿಂದ ಗೇಜಿನ ಗಾಜು ಒರೆಸಿದಳು.

"ಮುಳ್ಳು ನಿಂತೈತೆ ಕಣೇ," ಎಂದಳು, "ಓಡ್ಸು."