ಎಂಟನೆಯ ಕಂಬ

ಅವಳನ್ನು ಎಲ್ಲರೂ ಮಸಿಯಕ್ಕ ಎಂದೇ ಕರೆಯುತ್ತಿದ್ದರು. ಕಂಬಗಳ ಬುಡ ಸುಟ್ಟು ಸುಟ್ಟು ಕೈ ಕಪ್ಪಾಗಿತ್ತು. ಯಾರಾದರೂ ಮೂಗು ಮುರಿದರೆ ಬೇಕೆಂದೇ ಅದೇ ಕೈಯಿಂದ ಚಹಾ ಕೊಡುತ್ತಿದ್ದಳು.

ಬಡಗಿಯ ಮಗಳು. ಅಪ್ಪ ಕಲಿಸಿದ್ದು ಇಷ್ಟೇ: ಮರ ಚೆನ್ನಾಗಿ ಒಣಗಲಿ, ಬುಡದ ಹೊರಮೈ ಕರಿಕಾಗುವಷ್ಟು ಸುಡು, ಆರಿದ ಮೇಲೆ ಅಗಸೆ ಎಣ್ಣೆ ಕುಡಿಸು, ಕಲ್ಲಿನ ಮೇಲೆ ನಿಲ್ಲಿಸು, ಮಣ್ಣಿಗೆ ತಾಗಿಸಬೇಡ.

ಗ್ರಂಥಾಲಯದ ಜಗಲಿಗೆ ಎಂಟು ಕಂಬ ಬೇಕೆಂದು ಎಂಜಿನಿಯರ್ ಬಂದಾಗ ರಗಳೆ ಶುರುವಾಯಿತು. ಕರಿ ಬುಡ ಅವನ ಕಣ್ಣಿಗೆ ಹಿಡಿಸಲಿಲ್ಲ. ಕಂಬಗಳನ್ನು ಸಿಮೆಂಟಿನಲ್ಲಿ ಹೂತು ದಪ್ಪಗೆ ಬಣ್ಣ ಬಳಿಯಬೇಕಂತೆ. ಸಿಮೆಂಟಿನ ಗುಳಿಯಲ್ಲಿ ನೀರು ನಿಲ್ಲುತ್ತದೆ, ಬಣ್ಣ ಅದನ್ನು ಆರಗೊಡುವುದಿಲ್ಲ ಎಂದು ಅವಳು ಬಡಕೊಂಡಳು. ಅಪ್ಪನ ಶೆಡ್ಡು ನಡೆಸುತ್ತಿದ್ದ ತಮ್ಮ ಮಾತ್ರ ಎಂಜಿನಿಯರ್ ಮಾತಿಗೆ ತಲೆಯಾಡಿಸಿದ.

"ಸುಡದ ಕಂಬ ಇಲ್ಲಿಂದ ಹೊರಗೆ ಹೋದ್ರೆ, ನಾನೂ ಹೋದೆ ಅಂತ ತಿಳ್ಕೋ," ಎಂದು ಉಳಿ ಎತ್ತಿಕೊಂಡು ಹೊರಟಳು. ಊಟದ ಹೊತ್ತಿಗೆ ಬರುತ್ತಾಳೆ ಎಂದುಕೊಂಡ ತಮ್ಮ. ನಾಲ್ಕು ವರ್ಷ ಬರಲಿಲ್ಲ.

ಅವಳು ಆಗಲೇ ಸುಟ್ಟು ಮುಗಿಸಿದ್ದ ಒಂದು ಕಂಬವಿತ್ತು. ಎಸೆಯಲು ಮನಸ್ಸಾಗದೆ ತಮ್ಮ ಅದನ್ನು ಜಗಲಿಯ ಹಿಂದಿನ ಮೂಲೆಯಲ್ಲಿ ಕಲ್ಲಿನ ಮೇಲೆ ನಿಲ್ಲಿಸಿದ. ಮಸಿಯಕ್ಕ ತನ್ನ ಹಿತ್ತಲಲ್ಲಿ ಬೇಲಿಗೂಟ ಸುಡುತ್ತ ದಿನ ದೂಡಿದಳು. ಶೆಡ್ಡಿನ ಗರಗಸದ ಸದ್ದು ಅಲ್ಲಿಗೂ ಕೇಳಿಸುತ್ತಿತ್ತು. ಕೇಳಿದಾಗಲೆಲ್ಲ ಅಪ್ಪನ ಜಾಗ ಬಿಟ್ಟೆನಲ್ಲ ಎಂದು ಸಂಕಟವಾಗುತ್ತಿತ್ತು. ಆದರೂ ಆ ಕಡೆ ಹೆಜ್ಜೆ ಹಾಕಲಿಲ್ಲ.

ನಾಲ್ಕನೆಯ ಮಳೆಗಾಲ ಮುಗಿದಾಗ ಜಗಲಿ ವಾಲಿತು. ತಮ್ಮ ಮುಖ ಸಣ್ಣ ಮಾಡಿಕೊಂಡು ಬಾಗಿಲಿಗೆ ಬಂದ. ಅವಳು ದಬ್ಬಣ ಹಿಡಿದು ಗ್ರಂಥಾಲಯಕ್ಕೆ ನಡೆದಳು. ಬಣ್ಣದ ಕಂಬದ ಬುಡಕ್ಕೆ ಚುಚ್ಚಿದರೆ ದಬ್ಬಣ ಹಿಡಿಯವರೆಗೂ ಇಳಿಯಿತು. ಏಳಕ್ಕೆ ಏಳೂ ಹಾಗೇ. ಎಂಟನೆಯದರ ಮುಂದೆ ದಬ್ಬಣವನ್ನು ಅಲ್ಲೇ ನಿಂತಿದ್ದ ಎಂಜಿನಿಯರ್ ಕೈಗಿತ್ತಳು. ಅವನು ಬೆವರು ಸುರಿಸಿದರೂ ಉಗುರಿನಷ್ಟೂ ಇಳಿಯಲಿಲ್ಲ.

ಸರಿ, ಏಳನ್ನೂ ನಿಮ್ಮ ರೀತಿಯಲ್ಲೇ ಮಾಡಿಕೊಡಿ ಎಂದ ಅವನು, ಕರಿ ಮಾತ್ರ ಚೆನ್ನಾಗಿ ಕಾಣುವುದಿಲ್ಲ, ಬುಡಕ್ಕೆ ಒಂದು ಕೈ ಬಣ್ಣ ಹಚ್ಚಿಬಿಡಿ ಎಂದು ಸೇರಿಸಿದ.

"ಕರಿ ನೋಡೋಕಾಗದಿದ್ರೆ ತಲೆ ಎತ್ಕೊಂಡು ಓಡಾಡಿ. ಬಣ್ಣಾನೇ ಬೇಕಂದ್ರೆ ಬೇರೆಯವರ ಹತ್ರ ಮಾಡಿಸ್ಕೊಳ್ಳಿ," ಎಂದಳು ಮಸಿಯಕ್ಕ.

ಎಂಜಿನಿಯರ್ ತಮ್ಮನ ಮುಖ ನೋಡಿದ. ತಮ್ಮ ಈ ಸಲ ತಲೆಯಾಡಿಸಲಿಲ್ಲ.

"ಅಕ್ಕ, ಶೆಡ್ಡಲ್ಲಿ ಕಂಬ ಸುಡೋ ಒಲೆ ಹಚ್ಚಲಾ?" ಎಂದ.