ಎಫ್ರಾಯೀಮಿನ ಬೆಟ್ಟ ಹತ್ತಿದ ಬೀಸುಕಲ್ಲು

೨೦೨೨ರ ಮಳೆಗಾಲದ ಮಾತು. ನಾನಾಗ ನಾಸಿಕದ ಸಾತಪುರದಲ್ಲಿ ಗೃಹಿಣಿ, ಜೊತೆಗೆ ಕಾದಂಬರಿಗಾರ್ತಿ. ಬರೆಯಲು ಊಟದ ಮೇಜಿನ ಒಂದು ತುದಿ ನನ್ನದೆಂದು ಮನೆಯವರೆಲ್ಲ ಒಪ್ಪಿಕೊಂಡಿದ್ದರು, ಕುಕ್ಕರ್ ಕೂಗಿದಾಗ ಏಳಬೇಕು, ಅಷ್ಟೇ. ನಾವು ಬೀದರ ಜಿಲ್ಲೆಯ ಕ್ರೈಸ್ತರು. ಯಜಮಾನರಿಗೆ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ.

ಬೈಬಲ್ ಕಾಲದ ಸಾಮಾನ್ಯ ಹೆಂಗಸರ ಬದುಕನ್ನು ಕನ್ನಡದಲ್ಲಿ ಕಾದಂಬರಿಯಾಗಿ ಬರೆಯುವುದು ನಾನು ಹಚ್ಚಿಕೊಂಡ ಕೆಲಸ. ರಾಜರು, ಪ್ರವಾದಿಗಳು ಏನು ಮಾಡಿದರೆಂದು ಕಾನ್ವೆಂಟಿನ ಸಿಸ್ಟರುಗಳು ಚೆನ್ನಾಗಿ ಹೇಳಿಕೊಟ್ಟಿದ್ದರು. ಆ ದಿನ ಅವರ ಮನೆಯಲ್ಲಿ ಹಿಟ್ಟು ಬೀಸಿದವರು ಯಾರು, ರಾತ್ರಿ ಕುರಿಗಳನ್ನು ಯಾವ ಮೂಲೆಯಲ್ಲಿ ಕಟ್ಟುತ್ತಿದ್ದರು ಎಂದು ಕೇಳಿದರೆ ಮಾತ್ರ, "ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ" ಎನ್ನುತ್ತಿದ್ದರು.

ಆಗ ಬರೆಯುತ್ತಿದ್ದ ಕಾದಂಬರಿ ನ್ಯಾಯಾಧಿಪತಿಗಳ ಕಾಲದ್ದು. ಅಂದರೆ ಇಸ್ರಾಯೇಲ್ಯರಿಗೆ ಇನ್ನೂ ಅರಸನಿಲ್ಲದ, ಕ್ರಿಸ್ತನಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಕಾಲ. ಎಫ್ರಾಯೀಮ್ ಬೆಟ್ಟದ ಮೇಲೊಂದು ಮನೆ, ಅಲ್ಲೊಬ್ಬ ಅತ್ತೆ, ಒಬ್ಬ ಸೊಸೆ. ಎರಡು ಬಾರಿ ಬಸಿರು ಇಳಿದುಹೋದ ಆ ಸೊಸೆ ಮೂರನೆಯ ಬಾರಿ ಗರ್ಭಿಣಿ. ಹೆದರಿಕೆಗೆ ಬಾಯಿ ಬಿಟ್ಟಿಲ್ಲ. ಇಬ್ಬರೂ ಬೀಸುಕಲ್ಲಿನ ಮುಂದೆ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುವಾಗ, ಸೊಸೆಯ ಕೈಯ ನಡುಕದಿಂದಲೇ ಅತ್ತೆಗೆ ತಿಳಿಯುತ್ತದೆ. ಇಡೀ ಪುಸ್ತಕ ನಿಂತದ್ದು ಆ ಅಧ್ಯಾಯದ ಮೇಲೆ.

ಅದು ನಾನು ಕಲ್ಪಿಸಿದ್ದಲ್ಲ. ಹಾಸ್ಟೆಲ್ಲಿನಿಂದ ನೇರವಾಗಿ ಮದುವೆಯ ಮಂಟಪಕ್ಕೆ ಬಂದವಳು ನಾನು. ಹಳ್ಳಿಯ ಮನೆಯಲ್ಲಿ ನನ್ನ ಅತ್ತೆ ನನ್ನನ್ನು ಬೀಸುಕಲ್ಲಿನ ಎದುರು ಕೂಡಿಸಿಕೊಂಡು, "ನೀ ಸುಮ್ನ ಕೈ ಹಚ್ಚವ್ವ ಸುಶೀಲಾ, ತಿರುಗಿಸೂದು ನಂದು" ಅನ್ನುತ್ತಿದ್ದರು. ಒಂದು ಬೆಳಗ್ಗೆ ಕಲ್ಲು ನಿಲ್ಲಿಸಿ, "ಇವತ್ತ ಕೈ ಬ್ಯಾರೆ ಅದಲ್ಲ?" ಎಂದರು. ನಾನಿನ್ನೂ ಗಂಡನಿಗೂ ಹೇಳಿರಲಿಲ್ಲ!

ಈಗ ಅತ್ತೆಗೆ ಎಂಬತ್ತರ ಮೇಲೆ. ಕಣ್ಣು ಮಂಜು, ಕಿವಿ ಚುರುಕು. ಬರೆದದ್ದನ್ನು ದಿನವೂ ಓದಿಸಿಕೊಳ್ಳುತ್ತಿದ್ದರು. ಈ ಅಧ್ಯಾಯ ಕೇಳಿದ ಮೇಲಂತೂ ನಮ್ಮ ಕನ್ನಡ ಪ್ರಾರ್ಥನಾ ಕೂಟದಲ್ಲಿ ಕೈಗೆ ಸಿಕ್ಕವರಿಗೆಲ್ಲ, "ನಾನೂ ಬೈಬಲ್ ಕಾಲಕ್ಕ ಹೋಗೀನಿ, ಬೀಸಕಲ್ಲ ಸಮೇತ" ಎಂದು ಹೇಳಿಕೊಂಡು ಬಂದರು.

ಅಚ್ಚಿಗೆ ಕೊಡುವ ಮೊದಲು ಬಲ್ಲವರೊಬ್ಬರಿಗೆ ಕಥೆ ಒಪ್ಪಿಸುವುದು ನನ್ನ ರೂಢಿ. ಛತ್ರಪತಿ ಸಂಭಾಜಿನಗರದಲ್ಲಿ ಪುರಾತತ್ತ್ವ ಕಲಿಸಿ ನಿವೃತ್ತರಾದ ಒಬ್ಬ ಮೇಡಂ ಇದ್ದರು. ಹಳೆಯ ಕಾಲದ ಅಡುಗೆಮನೆಯ ಸಾಮಾನುಗಳೇ ಅವರ ವಿಷಯ. ಅವರ ಮನೆಗೇ ಹೋಗಿ, ಕನ್ನಡ ಬಾರದ ಅವರಿಗೆ ಹಿಂದಿಯಲ್ಲಿ ಅಧ್ಯಾಯ ಅಧ್ಯಾಯವಾಗಿ ಹೇಳುತ್ತ ಹೋದೆ. ಮಾಳಿಗೆ, ತೊಟ್ಟಿ, ಮಣ್ಣಿನ ಒಲೆ ಎಲ್ಲಕ್ಕೂ ತಲೆದೂಗಿದರು. ಬೀಸುಕಲ್ಲು ಬಂದದ್ದೇ ಚಹಾದ ಕಪ್ಪು ಕೆಳಗಿಟ್ಟರು.

"ಅಗಂ, ಹೇ ಜಾತಂ ತಿಥಂ ಕಸಂ ಪೋಚಲಂ?" ಈ ಬೀಸುಕಲ್ಲು ಅಲ್ಲಿಗೆ ಹೇಗೆ ಬಂತು ಎಂದು ಅವರ ಪ್ರಶ್ನೆ.

ಸುವಾರ್ತೆಯಲ್ಲಿ ಬೀಸುವ ಇಬ್ಬರು ಹೆಂಗಸರಿದ್ದಾರಲ್ಲ ಎಂದೆ. ಅದು ಯೇಸುಸ್ವಾಮಿಯ ಕಾಲ, ನಿನ್ನ ಕಥೆ ಅದಕ್ಕಿಂತ ಸಾವಿರ ವರ್ಷ ಹಿಂದಿನದು ಎಂದರು. ತಿರುಗುವ ಕಲ್ಲು ಆಗಿನ್ನೂ ಬಂದಿರಲಿಲ್ಲ. ಇದ್ದದ್ದು ಸ್ಯಾಡಲ್ ಕ್ವರ್ನ್. ಕುದುರೆಯ ಜೀನಿನಂತೆ ನಡು ತಗ್ಗಿದ ಒಂದು ಉದ್ದ ಕಲ್ಲು, ಅದರ ಮೇಲೆ ರೊಟ್ಟಿಯಂಥ ಇನ್ನೊಂದು ಸಣ್ಣ ಕಲ್ಲು. ಮಂಡಿಯೂರಿ, ಎರಡೂ ಕೈಯಲ್ಲಿ ಸಣ್ಣ ಕಲ್ಲನ್ನು ಮುಂದೆ ನೂಕಬೇಕು, ಹಿಂದೆ ಎಳೆಯಬೇಕು. ಗೂಟವಿಲ್ಲ. ಎದುರು ಕೂರಲು ಇನ್ನೊಬ್ಬರಿಗೆ ಜಾಗವೂ ಇಲ್ಲ.

ನನ್ನ ಮುಖ ನೋಡಿ ಮೇಡಂಗೆ ಮರುಕ ಬಂದಿರಬೇಕು. ಪಾಠಕ್ಕೆಂದು ಮಾಡಿಸಿದ್ದ ಅಂಥದೊಂದು ಕಲ್ಲಿನ ಜೋಡಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟೇಬಿಟ್ಟರು. ನಾಸಿಕಕ್ಕೆ ಮರಳುವ ಬಸ್ಸು ವೈಜಾಪುರ ದಾಟುವಾಗ ಕಂಡಕ್ಟರ್ ಗಂಟನ್ನು ಕಾಲಿನಿಂದ ಸರಿಸಲು ನೋಡಿ, ಅದು ಅಲುಗದಿದ್ದಾಗ ಚಪ್ಪಲಿ ಹಿಂದೆಳೆದುಕೊಂಡು ಕೇಳಿದ: "ಮಾವಶೀ, ದೇವ ಆಹೇ ಕಾ ಆತ?" ಒಳಗೆ ದೇವರಿಲ್ಲಪ್ಪಾ, ಹಿಟ್ಟಿನ ಗಿರಣಿ ಎಂದೆ. ಬಸ್ಸೆಲ್ಲ ನಕ್ಕಿತು. ನನಗೆ ಮಾತ್ರ ಮನೆಗೆ ಹೋಗಿ ಏನು ಹೇಳುವುದೆಂಬ ಚಿಂತೆ.

ಅತ್ತೆ ಎಲ್ಲ ಕೇಳಿಸಿಕೊಂಡರು. "ಅಂದ್ರ ನನ್ನ ತಗದ್ ಹಾಕ್ತಿ?"

"ಹಂಗಲ್ರಿ ಅತ್ತಿ..."

"ಅಷ್ಟ್ ವರ್ಷದ ಮಂದಿ ಎದ್ದು ಬಂದು ಕೇಳ್ತಾರೇನ? ಇರ್ಲಿ ಬಿಡು, ಯಾರಿಗಿ ಗೊತ್ತಾಗ್ತದ!"

ನಿಜವೆಂದರೆ ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಬೀದರದಿಂದ ಕಲಬುರಗಿಯವರೆಗೆ ಯಾವ ಓದುಗರೂ ಬೀಸುಕಲ್ಲಿನ ಮೇಲೆ ಅನುಮಾನ ಪಡುವುದಿಲ್ಲ. ಗೂಟ ತೆಗೆದರೆ ನನ್ನ ಅತ್ತೆ ಪುಸ್ತಕದಿಂದ ಹೊರಗೆ ಬೀಳುತ್ತಾರೆ.

ಎರಡು ದಿನ ಬಿಟ್ಟು, ಪೂಜಾ ಸಾಮಗ್ರಿಯ ಅಂಗಡಿಯಿಂದ ಜವೆಗೋಧಿ ತಂದೆ. ಆ ಬೆಟ್ಟದವರು ಹೆಚ್ಚಾಗಿ ತಿಂದದ್ದು ಅದರ ರೊಟ್ಟಿಯನ್ನೇ. "ಜ್ವಾಳ ಇಲ್ದ ಹ್ಯಾಂಗ ಬದುಕಿದ್ರೋ ಪಾಪ" ಎಂದು ಅತ್ತೆ ಮಂಚದಿಂದಲೇ ಕನಿಕರಪಟ್ಟರು. ಹಾಲ್‌ನಲ್ಲಿ ಸೀರೆ ಹಾಸಿ, ಮಂಡಿಯೂರಿ ನೂಕತೊಡಗಿದೆ. ಸ್ವಲ್ಪ ಹೊತ್ತಿಗೇ ಭುಜ ಬಿಗಿಯಿತು. ತಲೆ ಎತ್ತಿದರೆ ಕಾಳು ಜಾರುತ್ತದೆ, ಆದ್ದರಿಂದ ಯಾರ ಮುಖವನ್ನೂ ನೋಡುವಂತಿಲ್ಲ. ಬೀಸುವ ಪದ ಹಾಡಲು ಹೊರಟೆ, ಮೊದಲ ಸಾಲಿಗೇ ಉಸಿರು ಕಟ್ಟಿತು. ಅತ್ತೆ ಏನೋ ಕೇಳಿದರು, ಉತ್ತರಿಸಲಾಗಲಿಲ್ಲ.

ಅವರು ಕಲ್ಲಿನ ಸದ್ದಿಗೆ ಕಿವಿಗೊಟ್ಟರು. ಸರ್ರ್... ಸರ್ರ್... ನಡುವೆ ನಿಂತು, ಮತ್ತೆ ಸರ್ರ್.

"ಸುಶೀಲಾ, ಕಲ್ಲು ನಡುನಡುವ ನಿಂದರ್ಲಾಕತ್ತದ. ನಡ ಹಿಡೀತೇನ?"

ನಾನು ನೂಕುತ್ತಲೇ ಇದ್ದೆ.

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಕೈಯಿಂದ ತಡಕಿ ನನ್ನ ಬೆನ್ನು ಸಿಕ್ಕಿದ್ದೇ, "ಸರಿ ಆ ಕಡಿ" ಎಂದು ನೂಕಿದರು. "ಅತ್ತಿ, ನಿಮ್ಮ ಮಂಡಿರೀ! ಡಾಕ್ಟ್ರು ಏನಂದಾರ?" ಎಂದು ನಾನು ಕೂಗುತ್ತಿದ್ದಂತೆ ಹೇಗೋ ಕೆಳಗೆ ಕೂತು, ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ನನ್ನ ಕಲ್ಲು ಕಸಿದು ಎರಡು ಸಲ ನೂಕಿದರು. ಆಮೇಲೆ ಅವರನ್ನು ಎಬ್ಬಿಸಲು ನಾನು, ಯಜಮಾನರು, ಎದುರು ಮನೆಯ ಮರಾಠಿ ಬಾಯಿ ಮೂವರೂ ಬೇಕಾಯಿತು. ಎದ್ದವರು ನಗುತ್ತಲೇ ಇದ್ದರು.

ಅಧ್ಯಾಯ ನನಗೆ ಸಿಕ್ಕಿಬಿಟ್ಟಿತ್ತು. ಹೊಸದಾಗಿ ಬರೆದೆ. ಸೊಸೆ ಗೋಡೆಯ ಕಡೆ ಮುಖ ಮಾಡಿ ಒಬ್ಬಳೇ ಅರೆಯುತ್ತಾಳೆ. ಹಿಂದೆ ಕುರಿಗಳಿಗೆ ಸೊಪ್ಪು ಹಾಕುತ್ತಿರುವ ಅತ್ತೆಗೆ ಕಲ್ಲಿನ ಸದ್ದು ತಡೆದು ತಡೆದು ಕೇಳುತ್ತದೆ. ಬಸಿರೆಂದು ತಿಳಿದರೂ ಅವಳು ಏನೂ ವಿಚಾರಿಸುವುದಿಲ್ಲ. ಬಂದು ಸೊಸೆಯನ್ನು ಭುಜದಿಂದ ಪಕ್ಕಕ್ಕೆ ನೂಕಿ ತಾನೇ ಮಂಡಿಯೂರುತ್ತಾಳೆ. ಹೆರಿಗೆಯ ದಿನದವರೆಗೂ ಕಲ್ಲನ್ನು ಬಿಟ್ಟುಕೊಡುವುದಿಲ್ಲ.

ಓದಿ ಮುಗಿಸಿ ಕಾದೆ. ಅತ್ತೆ ಸೆರಗಿನ ಅಂಚನ್ನು ಬೆರಳಿನಲ್ಲಿ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

"ಮೊದಲಿನದೇ ಚಲೋ ಇತ್ತು."

ನಾನು ಹಾಳೆಗಳನ್ನು ಜೋಡಿಸತೊಡಗಿದೆ.

"ಖರೇನ ಹೇಳ್ತೀನಿ, ಅದು ಚಲೋ ಇತ್ತು. ಆದ್ರ ಅದು ನಂದು, ಸುಶೀಲಾ. ಇದು ಆಕೀದು. ಆ ಮುದುಕಿ ಬಡಿದಾಡಿದ್ದು ತನ್ನ ಕಲ್ಲಿನ ಕೂಡ. ನಂದ್ ಒಯ್ದು ಆಕಿ ಮನ್ಯಾಗ ಯಾಕ ಇಡ್ತಿ? ಆಕಿ ಮಂಡಿ ಪಾಪ ಎಷ್ಟ್ ನೊಂದಿರಬೇಕು."

ಕಾದಂಬರಿ ಹಾಗೆಯೇ ಅಚ್ಚಾಯಿತು. ಅಂದು ಅತ್ತೆಗೆ ಓದಿ ಹೇಳುವವರೆಗೆ, ಸಂಶೋಧನೆಯೆಂದರೆ ತಪ್ಪು ಹುಡುಕುವುದು, ಕಾಲ ಸರಿಪಡಿಸುವುದು ಎಂದುಕೊಂಡಿದ್ದೆ. ಮೂರು ಸಾವಿರ ವರ್ಷದ ಹಿಂದಿನವಳೊಬ್ಬಳನ್ನು ಪ್ರೀತಿಸಬೇಕಾದರೆ ಅವಳಿಗೆ ನಮ್ಮ ನೋವು ಹೊರಿಸದೆ ಅವಳದೇ ಮಂಡಿನೋವನ್ನು ತಿಳಿದುಕೊಳ್ಳಬೇಕು. ಅದನ್ನು ಈ ಕೆಲಸ ನನಗೆ ಕಲಿಸಿದ್ದು ಅತ್ತೆಯ ಬಾಯಿಂದ.