ಅಂಗೈ ಒತ್ತಿದರೆ ಅರ್ಧ

ನಮ್ಮ ವಿಭಾಗದ ಮುಖ್ಯಸ್ಥರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ. ಬಳ್ಳಾರಿಯ ಕಾಲೇಜೊಂದರಲ್ಲಿ ಅವರು ವಾಣಿಜ್ಯದ ಪ್ರೊಫೆಸರು, ನಾನು ಹಂಗಾಮಿ ಟ್ಯೂಟರು. ನಲವತ್ತರ ದಶಕ ಮುಗಿಯುತ್ತ ಬಂದಿತ್ತು, ನಾವಿನ್ನೂ ಮದ್ರಾಸಿಗೆ ಸೇರಿದ್ದೆವು. ಗುಡ್ಡದ ಬಂಡೆ ಕಾದು ಊರೆಲ್ಲ ಬೇಯುವ ಬೇಸಿಗೆಯಲ್ಲೂ ಮೈಮೇಲಿನ ಕೋಟು ಕಳಚದ ಮನುಷ್ಯ. ಹತ್ತಿ ವ್ಯಾಪಾರದ ಮೇಲೆ ವರ್ಷವಿಡೀ ಪಾಠ ಮಾಡುತ್ತಿದ್ದರು. ಸಿರುಗುಪ್ಪದ ಹತ್ತಿ ಪೇಟೆಗೆ ಮಾತ್ರ ಒಮ್ಮೆಯೂ ಕಾಲಿಟ್ಟವರಲ್ಲ.

ನಾನು ಇಟ್ಟಿದ್ದೆ. ಎರಡು ಸುಗ್ಗಿಯ ಕಾಲ, ರಜೆ ಸಿಕ್ಕಾಗಲೆಲ್ಲ ಇದ್ದಿಲು ಗ್ಯಾಸಿನ ಬಸ್ಸು ಏರಿ, ತೆಕ್ಕಲಕೋಟೆಯ ಹತ್ತಿರ ಇಳಿದು ಅದನ್ನು ತಳ್ಳಿ, ಮತ್ತೆ ಏರಿ ಸಿರುಗುಪ್ಪ ಮುಟ್ಟುತ್ತಿದ್ದೆ. ಅಲ್ಲಿ ಹತ್ತಿಯ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲಾಲಿಯೂ ಕೊಳ್ಳುವವನೂ ಕೈಗೆ ಕೈ ಸೇರಿಸಿ ಮೇಲೊಂದು ಟವಲು ಹಾಕಿಕೊಳ್ಳುವರು. ಒಳಗೆ ಬೆರಳು ಹಿಡಿಯುವುದೇ ಮಾತು. ಒಂದು ಬೆರಳಿಗೆ ಒಂದು, ಎರಡಕ್ಕೆ ಎರಡು, ಐದೂ ಹಿಡಿದರೆ ಐದು. ಹತ್ತಿ ಬೆಳೆದವನು ತನ್ನ ಬಂಡಿಯ ಪಕ್ಕ ನಿಂತು ಟವಲು ಅಲುಗಾಡುವುದನ್ನಷ್ಟೇ ನೋಡುತ್ತಿದ್ದ. ಆ ಟವಲಿನ ಕೆಳಗೆ ದರ ಹೇಗೆ ಹುಟ್ಟುತ್ತದೆ ಅನ್ನುವುದೇ ನನ್ನ ಸಂಶೋಧನೆ.

ಸಿರುಗುಪ್ಪದ ಒಬ್ಬ ದಲಾಲಿ ನನಗೆ ಗುರುವಾದ. ಒಂದೊಂದು ಮಾತುಕತೆ ಮುಗಿದ ಮೇಲೂ ಒಳಗೆ ಹಿಡಿದಂತೆಯೇ ನನ್ನ ಬೆರಳು ಹಿಡಿದು ತೋರಿಸುತ್ತಿದ್ದ. ನಾನು ಬರೆದುಕೊಳ್ಳುತ್ತಿದ್ದೆ. ಕೆಲವು ಸಲ ಕೊನೆಗೆ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ.

"ಇದು ಏನ್ರಿ?" ಎಂದು ಕೇಳಿದೆ.

"ಅರ್ಧ ಕೂಡಿಸ್ರಿ, ಮಾಸ್ತರ," ಎಂದ.

ಕೂಡಿಸಿದೆ. ಕೋಷ್ಟಕ ತಯಾರಾಯಿತು. ಅದರ ಪ್ರಕಾರ, ಕೂಗಿ ಹರಾಜು ಹಾಕುವುದಕ್ಕಿಂತ ಟವಲಿನ ವ್ಯಾಪಾರವೇ ರೈತನಿಗೆ ಲಾಭ. ನನಗೇ ಆಶ್ಚರ್ಯವಾಯಿತು, ಆದರೆ ಅಂಕಿ ಹಾಗೆ ಹೇಳುತ್ತಿತ್ತು.

ಮದ್ರಾಸಿನ ವಾಣಿಜ್ಯ ಪತ್ರಿಕೆಯೊಂದಕ್ಕೆ ಕಳಿಸಬೇಕೆಂದುಕೊಂಡೆ. ಅವರ ನಿಯಮಗಳು ಬೀಗರ ಬೇಡಿಕೆಗಿಂತ ಉದ್ದವಿದ್ದವು. ಹಾಳೆಯ ಒಂದೇ ಮಗ್ಗುಲಿಗೆ ಟೈಪು ಮಾಡಬೇಕು, ಸಾಲು ಬಿಟ್ಟು ಸಾಲು ಇರಬೇಕು, ಎಡಕ್ಕೆ ಎರಡು ಬೆರಳು ಜಾಗ, ಕೋಷ್ಟಕಗಳಿಗೆ ಬೇರೆ ಹಾಳೆ, ಟಿಪ್ಪಣಿಯೆಲ್ಲ ಕೊನೆಗೆ. ಕೌಲ್ ಬಜಾರಿನ ಟೈಪಿಂಗ್ ಅಂಗಡಿಯಲ್ಲಿ ಕಾರ್ಬನ್ ಹಾಕಿಸಿ ಮೂರು ಪ್ರತಿ ಮಾಡಿಸಿದೆ. ಟೈಪಿಸ್ಟು ಒಂದು ಅಂಕಿ ತಪ್ಪಿದರೆ ಇಡೀ ಹಾಳೆ ಮತ್ತೆ ಹೊಡೆಸುತ್ತಿದ್ದೆ, ಅವನು ಹಲ್ಲು ಕಡಿಯುತ್ತಿದ್ದ. ಎಲ್ಲ ಮುಗಿದ ಮೇಲೂ ಒಂದು ನಿಯಮ ಉಳಿಯಿತು: ಟ್ಯೂಟರುಗಳ ಲೇಖನ ವಿಭಾಗದ ಮುಖ್ಯಸ್ಥರ ಸಹಿಯೊಂದಿಗೇ ಬರಬೇಕು.

ಒಂದು ಪ್ರತಿ ನನ್ನಲ್ಲಿಟ್ಟುಕೊಂಡು ಎರಡನ್ನು ಕೊಟ್ಟೆ; ಮುಖ್ಯಸ್ಥರು ಎರಡನ್ನೂ ತಮ್ಮ ಮೇಜಿನ ಖಾನೆಗೆ ಹಾಕಿ ಬೀಗ ಜಡಿದರು. ವಾರ ಕಳೆಯಿತು, ತಿಂಗಳು ಕಳೆಯಿತು. ದಿನಾ ಅವರ ಬಾಗಿಲಲ್ಲಿ ನಿಂತು ಹಲ್ಲುಗಿಂಜಿದೆ. ಆ ಹಲ್ಲುಗಿಂಜಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕೊನೆಗೊಂದು ದಿನ ಕರೆದರು.

"ಸಂತಿ ಮಂದಿ ಹೇಳಿದ್ದೆಲ್ಲಾ ಸಂಶೋಧನಾ ಆಗತೈತೇನ್ಲೇ? ಇನ್ನೊಂದು ಊರಾಗ ಖಾತ್ರಿ ಮಾಡ್ಕೊಂಡು ಬಾ. ಆಮ್ಯಾಲೆ ಸಹಿ ಹಾಕ್ತೀನಿ."

ಬೈದುಕೊಳ್ಳುತ್ತಲೇ ಕುರುಗೋಡಿಗೆ ಹೋದೆ. ಅಲ್ಲಿ ಪರಿಚಯದ ದಲಾಲಿ ಯಾರೂ ಇರಲಿಲ್ಲ. ನಾನೇ ಕೊಳ್ಳುವವನಂತೆ ನಟಿಸಿ ಒಬ್ಬನ ಟವಲಿನ ಕೆಳಗೆ ಕೈಯಿಟ್ಟೆ. ನಾಲ್ಕು ಬೆರಳು ಹಿಡಿದು, ನಾಲ್ಕೂವರೆ ಅನ್ನಲು ಅಂಗೈ ಒತ್ತಿದೆ. ಅವನು ಕೈ ಕಿತ್ತುಕೊಂಡು ಟವಲು ಕೊಡವಿ ಹೆಗಲಿಗೆ ಹಾಕಿ ಹೊರಟೇಬಿಟ್ಟ.

"ಯಾಕ್ರಿ? ಏನಾತು?" ಎಂದು ಹಿಂದೆ ಓಡಿದೆ.

"ನೀವ ಬ್ಯಾಡಂದ್ರಲ್ರಿ. ಅಂಗೈ ಒತ್ತಿದ್ರ ಯಾಪಾರ ಮುರೀತು ಅಂತ."

"ಸಿರುಗುಪ್ಪದಾಗ ಅದು ಅರ್ಧ ಅಂತಾರಲ್ರಿ?"

"ಸಿರುಗುಪ್ಪದಾಗೂ ಇದ ಐತಿ. ನಿಮಗ ಯಾರೋ ಟೊಪ್ಪಿಗಿ ಹಾಕ್ಯಾರ," ಎಂದು ಅವನು ನಕ್ಕ. ಸುತ್ತ ನಿಂತವರೂ ನಕ್ಕರು.

ಹೊಟ್ಟೆಪಾಡಿನ ಗುಟ್ಟನ್ನು ಅಚ್ಚು ಹಾಕಿಸಲು ಬಂದವನಿಗೆ ನಿಜ ಹೇಳುವ ದಲಾಲಿ ಯಾವ ಊರಿನಲ್ಲಿದ್ದಾನೆ? ತಪ್ಪು ನನ್ನದೇ. ಮುರಿದುಬಿದ್ದ ವ್ಯಾಪಾರಗಳನ್ನೆಲ್ಲ ನಾನು ಕುದುರಿದ ವ್ಯಾಪಾರಗಳೆಂದು, ಅದೂ ಅರ್ಧ ಹೆಚ್ಚಿಗೆ ಸೇರಿಸಿ, ಬರೆದಿದ್ದೆ. ಎರಡು ಭಾನುವಾರ ಕೂತು ಕೋಷ್ಟಕಗಳನ್ನು ಮೊದಲಿಂದ ಕಟ್ಟಿದೆ. ಆಗ ನಿಜ ಕಾಣಿಸಿತು. ಕೊಳ್ಳುವವರು ಒಬ್ಬರಾದ ಮೇಲೊಬ್ಬರು ಬಂದು ಒಳ್ಳೆಯ ದರ ಹಿಡಿದಂತೆ ಮಾಡಿ ಅಂಗೈ ಒತ್ತಿ ಹೋಗುತ್ತಿದ್ದರು. ರೈತ ಬೇಸತ್ತು ಸಂಜೆಗೆ ಕೊನೆಯವನಿಗೆ ಅಗ್ಗಕ್ಕೆ ಕೊಡುತ್ತಿದ್ದ. ನನ್ನ ಮೊದಲ ಲೇಖನ ಹೇಳಿದ್ದು ಇದಕ್ಕೆ ಪೂರ್ತಿ ತದ್ವಿರುದ್ಧ. ಹೊಸದು ನಿಜಕ್ಕೂ ಒಳ್ಳೆಯ ಲೇಖನವಾಗಿತ್ತು. ಅಷ್ಟು ಒಳ್ಳೆಯದನ್ನು ನಾನು ಮತ್ತೆ ಬರೆಯಲಿಲ್ಲ.

ತಿದ್ದಿದ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಟೈಪಿಂಗ್ ಅಂಗಡಿಗೆ ಹೋದೆ. ಟೈಪಿಸ್ಟು ಯಂತ್ರದಿಂದ ಒಂದು ಹಾಳೆ ಎಳೆದು ನನ್ನ ಮುಂದೆ ಹಿಡಿದ.

"ನಿಮ್ಮ ಸಾಹೇಬ್ರು ಮೊದಲನೇ ಪುಟ ಬದಲು ಮಾಡಿಸ್ಯಾರ ನೋಡ್ರಿ. ಉಳಿದದ್ದು ಇದ್ದಂಗ ಕಳಸ್ತಾರಂತ, ನಾಳಿ ಟಪಾಲಿಗಿ."

ಶೀರ್ಷಿಕೆ ನನ್ನದೇ. ಕೆಳಗೆ ಮುಖ್ಯಸ್ಥರ ಹೆಸರು, ಅವರ ಪದವಿಗಳು. ಪುಟದ ತಳದಲ್ಲಿ ಸಣ್ಣದಾಗಿ, ಮಾಹಿತಿ ಕೂಡಿಸಲು ನೆರವಾದ ಟ್ಯೂಟರಿಗೆ ವಂದನೆ. ಆ ಟ್ಯೂಟರಿಗೆ ಹೆಸರೂ ಇರಲಿಲ್ಲ. ಉತ್ತವನು ನಾನು, ಉಣ್ಣುವವರು ಅವರು.

ಕಾಲೇಜು ಅಲ್ಲಿಂದ ಅರ್ಧ ಮೈಲಿ. ಹೋಗಿ ಜಗಳವಾಡಬಹುದಿತ್ತು. ಜಗಳ ಬೇಡವೆಂದರೆ, ಕೋಷ್ಟಕ ತಪ್ಪಾಗಿದೆ ಸರ್ ಅಂತಲಾದರೂ ಹೇಳಬಹುದಿತ್ತು. ನಾನು ಚೀಲದ ಬಾಯಿ ಬಿಗಿದು ಕಟ್ಟಿ ಹೋಟೆಲಿಗೆ ಹೋಗಿ ಮಂಡಕ್ಕಿ ಒಗ್ಗರಣೆ ತಿಂದೆ. ಬೀಳಲಿ ಹಳ್ಳಕ್ಕೆ, ಅಂದುಕೊಂಡೆ. ಅಷ್ಟು ರುಚಿಯಾದ ಮಂಡಕ್ಕಿ ನಾನು ಜನ್ಮದಲ್ಲಿ ತಿಂದಿರಲಿಲ್ಲ.

ಲೇಖನ ಅಚ್ಚಾಯಿತು. ಮುಖ್ಯಸ್ಥರು ಪೇಡಾ ಹಂಚಿದರು, ನನಗೂ ಒಂದು ಕೊಟ್ಟರು. ನಾನು ಕಾಯುತ್ತಿದ್ದೆ. ಮುಂದಿನ ಸಂಚಿಕೆಯಲ್ಲಿ ಗುಂಟೂರು ಕಡೆಯ ಒಬ್ಬ ಪ್ರಾಧ್ಯಾಪಕರು ಎರಡು ಪುಟ ಬರೆದು ಲೇಖನವನ್ನು ಹರಿದು ಹಾಕಿದರು. ಅವರ ಮನೆತನವೇ ಹತ್ತಿ ವ್ಯಾಪಾರದ್ದಂತೆ. ಅಂಗೈ ಒತ್ತುವುದರ ಅರ್ಥ ತಿಳಿಯದವರು ಈ ವಿಷಯಕ್ಕೆ ಕೈ ಹಾಕಬಾರದಿತ್ತು ಎಂದು ಮುಗಿಸಿದ್ದರು. ಓದಿ ಮನಸಾರೆ ನಕ್ಕೆ.

ಮುಖ್ಯಸ್ಥರು ಕರೆಸಿದರು. ಬಾಗಿಲು ಮುಚ್ಚಲು ಹೇಳಿದರು.

"ನಿನಗ ಮೊದಲ ಗೊತ್ತಿತ್ತೇನ್ಲೇ?"

"ಗೊತ್ತಿತ್ರಿ."

"ಯಾವಾಗಿಂದ?"

"ಟಪಾಲಿಗಿ ಹೋಗೋಕಿಂತ ಮೊದಲ."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು.

"ಪತ್ರಿಕೆಯವರು ತಿದ್ದುಪಡಿ ಕೇಳ್ಯಾರ. ಬರಿ. ಮಾಹಿತಿ ಕೂಡಿಸಿದವ ನಾನು, ಕೋಷ್ಟಕ ಮಾಡಿದವ ನಾನು, ತಪ್ಪು ನಂದು ಅಂತ. ಈ ಸಲ ನಿನ್ನ ಹೆಸರ ಇರ್ಲಿ, ನಿಂದ ಒಬ್ಬಂದ. ಇಲ್ಲಂದ್ರ ಜೂನಿಗಿ ಕೆಲಸಕ್ಕ ಬರಬ್ಯಾಡ."

ಪೆನ್ನು ಹಿಡಿದು ಕೂತೆ. ಆ ಮಾತುಗಳಲ್ಲಿ ಎಲ್ಲಾದರೂ ಒಂದು ಸುಳ್ಳು ಸಿಕ್ಕೀತೆ, ಅದನ್ನು ಅವರ ಮುಖಕ್ಕೆ ಎಸೆದು ಎದ್ದು ಹೋಗೋಣ ಎಂದು ಹುಡುಕಿದೆ. ಇರಲಿಲ್ಲ. ಮಾಹಿತಿ ನನ್ನದು, ಕೋಷ್ಟಕ ನನ್ನದು, ತಪ್ಪೂ ನನ್ನದು. ಬರೆದು ಸಹಿ ಹಾಕಿದೆ.

ಹೊಸ ಕೋಷ್ಟಕಗಳ ಲೇಖನವನ್ನು ಆಮೇಲೆ ಎರಡು ಕಡೆ ಕಳಿಸಿದೆ. ಎರಡೂ ಕಡೆಯವರು ಆ ನಾಲ್ಕು ಸಾಲಿನ ತಿದ್ದುಪಡಿಯನ್ನು ಓದಿದ್ದರು.